ಬಾಡಿಗೆ ಸೌಂಡ್ ಸಿಸ್ಟಮ್: ಮೈಕಿಗೆ ಪೂರ್ಣ ಅಂಕ, ಮಾನಿಟರಿಗೆ ಸೊನ್ನೆ

ನಮ್ಮದು ನಾಲ್ಕು ಜನರ ಪುಟ್ಟ ಬ್ಯಾಂಡ್. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಕಳೆದ ಕಾರ್ಯಕ್ರಮಕ್ಕೆ ಸೌಂಡ್ ಸಿಸ್ಟಮ್ ಬಾಡಿಗೆಗೆ ತರಿಸಿದೆವು. ಸಾಮಾನು ಹೊತ್ತಿಗೆ ಸರಿಯಾಗಿ ಬಂತು. ಅದನ್ನು ನಡೆಸಬೇಕಾದವರು ಬಂದದ್ದು ಮಾತ್ರ ಜನ ಬಂದು ಕುಳಿತ ಮೇಲೆ. ಸೌಂಡ್ ಚೆಕ್‌ಗೆ ಅಲ್ಲಿಗೇ ಎಳ್ಳುನೀರು.

ಮೊದಲ ಹಾಡಿನ ಪಲ್ಲವಿ ಮುಗಿಯುವ ಮುನ್ನವೇ ಮಾನಿಟರ್, ಅಂದರೆ ನಮ್ಮ ಹಾಡು ನಮಗೇ ಕೇಳಿಸಲೆಂದು ವೇದಿಕೆಯ ಮೇಲಿಡುವ ಸ್ಪೀಕರ್, ಕಿರುಚತೊಡಗಿತು. ಗಾಯಕಿಯ ಮುಂದಿದ್ದದ್ದು ಶೂರ್ ಎಸ್ಎಂ58. 1966ರಿಂದ ಮಾರುಕಟ್ಟೆಯಲ್ಲಿರುವ ಈ ಮೈಕು ಎದುರಿನ ಧ್ವನಿಯನ್ನು ಹಿಡಿದು, ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಮಾನಿಟರಿನ ಧ್ವನಿ ಮತ್ತೆ ಮೈಕಿಗೇ ನುಗ್ಗಿದರೆ ಈ ಕಿರುಚಾಟ, ಹಾಗಾಗಿ ಮಾನಿಟರ್ ಇರಬೇಕಾದದ್ದು ಆ ಬೆನ್ನ ಕಡೆಗೆ. ಈ ಮಹಾನುಭಾವರು ಅದನ್ನು ಮೈಕಿನ ಪಕ್ಕಕ್ಕಿಟ್ಟಿದ್ದರು. ಕಿರುಚುವ ಆವರ್ತನವನ್ನಷ್ಟೇ ಈಕ್ವಲೈಜರ್‌ನಲ್ಲಿ ಇಳಿಸಿದ್ದರೆ ಸಾಕಿತ್ತು. ಅವರು ಮಾನಿಟರಿನ ಇಡೀ ಧ್ವನಿಯನ್ನೇ ಅಡಗಿಸಿದರು. ಹಾಡು ಕೇಳಿಸದ ಡ್ರಮ್ಮರ್ ಚರಣಕ್ಕೆ ಹೊರಟುಹೋದ, ನಾವು ಪಲ್ಲವಿಯಲ್ಲೇ ಉಳಿದೆವು. ಅಷ್ಟರಲ್ಲಿ ಕೀಬೋರ್ಡಿನ ಕೇಬಲ್ ಕೈಕೊಟ್ಟಿತು. ಹೆಚ್ಚುವರಿ ಕೇಬಲ್ ಕೇಳಿದರೆ, 'ಗಾಡಿಯಲ್ಲಿದೆ' ಎಂಬ ಉತ್ತರ, ಗಾಡಿ ಹೋಗಿಯಾಗಿತ್ತು! ಜನರೇ ಚಪ್ಪಾಳೆಯಲ್ಲಿ ತಾಳ ಹಿಡಿದರು, ನಮಗಿಂತ ಶುದ್ಧವಾಗಿ.

ಗಡಿಬಿಡಿಯಲ್ಲಿ ಮೈಕು ಸ್ಟ್ಯಾಂಡ್ ಸಮೇತ ಉರುಳಿತು. ಜಾಲರಿ ಒಂದು ಕಡೆ ನೆಗ್ಗಿತು, ಧ್ವನಿ ಮಾತ್ರ ಕದಲಲಿಲ್ಲ. ಸ್ಪೀಕರುಗಳೂ ಚೆನ್ನಾಗಿದ್ದವು, ತಕರಾರಿಲ್ಲ.

ಐದಕ್ಕೆ ಎರಡು ಅಂಕ. ಮತ್ತೆ ತರಿಸುತ್ತೇವೆ, ಆದರೆ ಸಾಮಾನು ಮಾತ್ರ. ಮಿಕ್ಸರ್ ಮುಂದೆ ನಮ್ಮವರೇ ಒಬ್ಬರು ಕುಳಿತುಕೊಳ್ಳುತ್ತಾರೆ.