ಹೊಳೆಯ ನೀರು ಬಾವಿಗೆ ತಿರುಗಿದ ಕ್ಷಣ: ಅಂತರ್ಜಲ ಮಾದರಿಯೊಂದರ ವಿಮರ್ಶೆ

ಜಲಚಕ್ರದ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದದ್ದು ಅದೇ ಚಿತ್ರ: ಕಡಲು, ಆವಿ, ಮೋಡ, ಮಳೆ, ನದಿ, ಮತ್ತೆ ಕಡಲು. ನೆಲದ ಕಡೆಗೆ ಒಂದು ಬಾಣ ಹಾಕಿ ‘ಇಂಗುವಿಕೆ’ ಎಂದು ಬರೆದರೆ ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಆ ಬಾಣ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಕ್ಕಳ ಕಣ್ಣಿಗೆ ತೋರಿಸಲು ಏನೂ ಇರಲಿಲ್ಲ. ಈ ವರ್ಷ ಪ್ರಯೋಗಾಲಯಕ್ಕೆ ತರಿಸಿದ ಅಂತರ್ಜಲ ಮಾದರಿ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿದೆ. ಆರು ತಿಂಗಳು, ನಾಲ್ಕು ತರಗತಿಗಳಲ್ಲಿ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದು ಸುಮಾರು ಎರಡು ಅಡಿ ಉದ್ದದ, ಅಂಗೈಯಷ್ಟು ಅಗಲದ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ. ತಳದಲ್ಲಿ ಜಲ್ಲಿ, ಅದರ ಮೇಲೆ ಬೆರಳು ದಪ್ಪದ ಜೇಡಿಮಣ್ಣು, ಎಲ್ಲಕ್ಕಿಂತ ಮೇಲೆ ಮರಳು. ಮರಳು ಒಂದು ಬದಿಯಲ್ಲಿ ದಿಬ್ಬವಾಗಿ ಇನ್ನೊಂದು ಬದಿಗೆ ಇಳಿಯುತ್ತದೆ. ಇಳಿಜಾರಿನ ಕೊನೆಯ ತಗ್ಗೇ ಹೊಳೆ, ಅದರ ನೀರು ಹೊರಹೋಗಲು ಒಂದು ತೂಬು. ಬಾವಿಗಳೆಂದರೆ ನಾಲ್ಕು ಸಪೂರ ಕೊಳವೆಗಳು. ಎರಡು ಮರಳಿನಲ್ಲೇ ನಿಲ್ಲುತ್ತವೆ, ಎರಡು ಜೇಡಿಯನ್ನು ದಾಟಿ ಜಲ್ಲಿಗೆ ಇಳಿಯುತ್ತವೆ. ಪಂಪಿನ ಬದಲಿಗೆ ಸಿರಿಂಜ್, ಮಳೆಗೆ ತೂತಿನ ಡಬ್ಬಿ, ಜೊತೆಗೆ ಕೆಂಪು ಬಣ್ಣದ ಸಣ್ಣ ಸೀಸೆ.

ದಿಬ್ಬದ ಮೇಲೆ ಮಳೆ ಸುರಿಸಿದರೆ ಹೊಳೆಯಲ್ಲಿ ತಕ್ಷಣ ಏನೂ ಆಗುವುದಿಲ್ಲ. ನೀರು ಮರಳಿನೊಳಗೆ ಇಳಿದು ಕಾಣೆಯಾಗುತ್ತದೆ. ಪಕ್ಕದಿಂದ ನೋಡಿದರೆ ಒದ್ದೆಯ ಗೆರೆ ಮೆಲ್ಲಗೆ ಏರುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ದಡದ ಬುಡದಲ್ಲಿ ಮರಳು ಮಿನುಗತೊಡಗುತ್ತದೆ, ಒರತೆ ಜಿನುಗುತ್ತದೆ, ತಗ್ಗು ತುಂಬಿ ತೂಬಿನಿಂದ ಹನಿ ಬೀಳುತ್ತದೆ. ಮಳೆ ನಿಂತ ಮೇಲೂ ಹನಿ ನಿಲ್ಲುವುದಿಲ್ಲ. ಮಳೆಯಿಲ್ಲದ ದಿನಗಳಲ್ಲಿ ಹೊಳೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಇನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ನಿಜವಾದ ಪಾಠ ಆಮೇಲೆ. ದಡಕ್ಕೂ ಅದರ ಪಕ್ಕದ ಬಾವಿಗೂ ನಡುವೆ ಒಂದು ತೊಟ್ಟು ಬಣ್ಣ ಬಿಟ್ಟೆವು. ಅದು ಎಳೆಯಾಗಿ ಹೊಳೆಯ ಕಡೆಗೆ ಹೊರಟಿತು. ಆಗ ಆ ಬಾವಿಯಿಂದ ಸಿರಿಂಜಿನಲ್ಲಿ ನೀರೆಳೆಯಲು ಹೇಳಿದೆ. ಒಬ್ಬ ಹುಡುಗ ತೂಬಿನ ಹನಿಗಳನ್ನು ಎಣಿಸುತ್ತಿದ್ದ. ನಿಮಿಷಕ್ಕೆ 22 ಇದ್ದದ್ದು 9ಕ್ಕೆ ಇಳಿಯಿತು. ಹೊಳೆಯ ಮಟ್ಟ ಮಾತ್ರ ಇನ್ನೂ ತಗ್ಗಿದಂತೆ ಕಾಣುತ್ತಿರಲಿಲ್ಲ. ಎಳೆಯುತ್ತಲೇ ಹೋದಾಗ ಕೆಂಪು ಎಳೆ ನಿಂತಿತು, ಬಾಗಿತು, ಬಾವಿಯ ಕಡೆಗೆ ತಿರುಗಿತು. ‘ಮೇಡಂ, ಬಾವಿ ಹೊಳೆಯ ನೀರನ್ನೇ ಕುಡಿಯುತ್ತಿದೆ!’ ಎಂದು ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. ಮೊದಲು ಹೊಳೆಗೆ ಸೇರಬೇಕಿದ್ದ ನೀರು ನಿಲ್ಲುತ್ತದೆ, ಆಮೇಲೆ ಹೊಳೆಯೇ ನೆಲಕ್ಕೆ ಇಂಗತೊಡಗುತ್ತದೆ. ಬಾವಿಯಿಂದ ತೆಗೆದ ನೀರಿನ ಲೆಕ್ಕ ಎಲ್ಲಾದರೂ ಒಂದು ಕಡೆ ಕಡಿತವಾಗಿ ಸರಿಹೊಂದಲೇಬೇಕು ಎಂದು ಅಮೆರಿಕದ ಜಲವಿಜ್ಞಾನಿ ಚಾರ್ಲ್ಸ್ ಥೀಸ್ 1940ರಲ್ಲೇ ತೋರಿಸಿಕೊಟ್ಟಿದ್ದರು. ಎಂಟನೆಯ ತರಗತಿಯ ಮಗು ಅದನ್ನು ಹನಿ ಎಣಿಸಿ ಕಂಡುಕೊಂಡಿತು. ಈ ಒಂದು ನೋಟಕ್ಕಾಗಿಯೇ ಈ ಪೆಟ್ಟಿಗೆಯನ್ನು ಕೊಳ್ಳಬಹುದು ಎನ್ನುತ್ತೇನೆ.

ಆಳದ ಬಾವಿಗಳ ನಡವಳಿಕೆ ಬೇರೆ. ಒಂದರಿಂದ ಎಳೆದರೆ ಇನ್ನೊಂದರ ಮಟ್ಟ ಕೂಡಲೇ ಕುಸಿಯುತ್ತದೆ, ಮೇಲಿನ ಮರಳಿನ ನೀರು ಅಲುಗುವುದೇ ಇಲ್ಲವೆನ್ನಬಹುದು. ಜೇಡಿಯಲ್ಲಿ ನೀರು ಇಲ್ಲವೆಂದಲ್ಲ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಹಿಡಿದಿಟ್ಟುಕೊಂಡ ನೀರನ್ನು ಅದು ಸುಲಭವಾಗಿ ಬಿಡುವುದಿಲ್ಲ.

ಈಗ ದೂರುಗಳು. ಬಳಸಿದ ಮೇಲೆ ಪೆಟ್ಟಿಗೆಯನ್ನು ಪೂರ್ತಿ ಒಣಗಿಸಿ ಇಡಿ ಎಂದು ಕೈಪಿಡಿ ಹೇಳುತ್ತದೆ. ಹಾಗೆ ಮಾಡಬೇಡಿ. ಜೇಡಿ ಒಣಗಿ ಕುಗ್ಗಿ ಗೋಡೆಯಿಂದ ಬಿಟ್ಟುಕೊಂಡಿತು, ಮುಂದಿನ ಸಲ ಬಣ್ಣದ ನೀರು ಆ ಸಂದಿನಿಂದ ನೇರ ಜಲ್ಲಿಗೆ ಸುರಿಯಿತು. ಜೇಡಿಯನ್ನು ತೆಗೆದು, ಕಲಸಿ, ಮತ್ತೆ ಮೆತ್ತಬೇಕಾಯಿತು. ಈಗ ತುಸು ತೇವ ಉಳಿಸಿ ಕಪ್ಪು ಬಟ್ಟೆ ಮುಚ್ಚಿಡುತ್ತೇವೆ, ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಮೊದಲ ಸಲ ನೀರು ತುಂಬುವಾಗ ಕೆಳಗಿನಿಂದ, ಬಾವಿಯ ಕೊಳವೆಯ ಮೂಲಕ ನಿಧಾನವಾಗಿ ತುಂಬಿ. ಮೇಲಿನಿಂದ ಸುರಿದರೆ ಗಾಳಿಗುಳ್ಳೆಗಳು ಸಿಕ್ಕಿಕೊಂಡು ನೀರಿನ ದಾರಿಯನ್ನೇ ಕೆಡಿಸುತ್ತವೆ. ಕೊಳವೆಗಳ ತುದಿಯ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ನೈಲಾನ್ ಬಟ್ಟೆಯ ತುಂಡು ಸುತ್ತಿದ ಮೇಲೆ ಸರಿಯಾಯಿತು.

ಇನ್ನೊಂದು ಗೊಂದಲಕ್ಕೆ ಕೈಪಿಡಿಯಲ್ಲಿ ಉತ್ತರವೇ ಇಲ್ಲ. ಮರಳಿನ ಒದ್ದೆಯ ಗೆರೆ ಬಾವಿಯ ನೀರಿನ ಮಟ್ಟಕ್ಕಿಂತ ಒಂದಂಗುಲ ಮೇಲಿರುತ್ತದೆ. ಯಾವುದು ಅಂತರ್ಜಲ ಮಟ್ಟ ಎಂದು ಮಕ್ಕಳು ಜಗಳಕ್ಕೇ ಬಿದ್ದರು. ಬಾವಿಯಲ್ಲಿ ನಿಂತದ್ದೇ ಮಟ್ಟ. ಅದರ ಮೇಲಿನ ಒದ್ದೆ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಮರಳು ಮೇಲಕ್ಕೆಳೆದು ಹಿಡಿದ ನೀರು, ಅದು ಬಾವಿಗೆ ಇಳಿದು ಬರುವುದಿಲ್ಲ. ಇಷ್ಟು ಮುಖ್ಯವಾದ ಮಾತಿಗೆ ಎರಡು ಸಾಲು ಬರೆದಿದ್ದರೆ ಚೆನ್ನಾಗಿತ್ತು. ‘ನೀರಿನ ಎರಡು ಪ್ರತ್ಯೇಕ ಮೂಲಗಳು: ಮೇಲ್ಮೈ ನೀರು, ಅಂತರ್ಜಲ’ ಎಂಬ ಶೀರ್ಷಿಕೆಯನ್ನಂತೂ ನಾನು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಪೆಟ್ಟಿಗೆ ಸಾಬೀತು ಮಾಡುವುದನ್ನು ಅದರದೇ ಕೈಪಿಡಿ ಅಲ್ಲಗಳೆಯಬಾರದು.

ಗಿಡದ ಬೇರು, ಬಿಸಿಲು, ಆವಿ ಇದರಲ್ಲಿ ಇಲ್ಲ. ಕಾಲದ ಅಳತೆಯನ್ನು ನಾವೇ ಹೇಳಿಕೊಡಬೇಕು: ಇಲ್ಲಿ ಕೆಲವು ನಿಮಿಷಗಳಲ್ಲಿ ಮುಗಿಯುವ ಪಯಣಕ್ಕೆ ನೆಲದಡಿಯಲ್ಲಿ ದಿನಗಳು ಸಾಕಾಗಬಹುದು, ಸಾವಿರಾರು ವರ್ಷಗಳೂ ಬೇಕಾಗಬಹುದು.

ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕಿಡುವವರಿಗೆ ಇದು ಬೇಡ. ಎರಡು ಅವಧಿಗಳನ್ನು ಮೀಸಲಿಟ್ಟು ಮಕ್ಕಳ ಕೈಗೆ ಸಿರಿಂಜ್ ಕೊಡುವವರು ಖಂಡಿತ ತರಿಸಿಕೊಳ್ಳಿ. ದಡದ ಬಾವಿಯ ಬದಲು ದಿಬ್ಬದ ಬಾವಿಯಿಂದ ಎಳೆದರೆ ತೂಬಿನ ಹನಿ ಎಷ್ಟು ತಡವಾಗಿ ಕಡಿಮೆಯಾಗುತ್ತದೆ ಎಂದು ಅಳೆಯಲೇಬೇಕೆಂದು ನಮ್ಮ ಮಕ್ಕಳು ಪಟ್ಟು ಹಿಡಿದಿದ್ದಾರೆ. ಸೋಮವಾರದ ಮೊದಲ ಅವಧಿಯನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.