ಟೈರ್ ಬದಲಿಸುವಾಗ ಮಧ್ಯದ ಅಂಕಿ ನೋಡಿ, ನಾನು ನೋಡದೆ ಕೆಟ್ಟೆ

ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ. ನನ್ನ ಕಾರಿನ ಟೈರ್ 195/65 ಆರ್ 15 (195 ಅಂದರೆ ಮಿ.ಮೀ. ಲೆಕ್ಕದಲ್ಲಿ ಅಗಲ, 15 ಅಂದರೆ ಇಂಚಿನಲ್ಲಿ ರಿಮ್ಮಿನ ಅಳತೆ). ಅಂಗಡಿಯವನು ಸ್ಟಾಕ್ ಇಲ್ಲ ಅಂದ. "205 ಹಾಕಿಸಿ ಸರ್, ಬರೀ 10 ಮಿ.ಮೀ. ಅಗಲ, ಗಾಡಿ ಗಟ್ಟಿಯಾಗಿ ನಿಲ್ಲುತ್ತೆ, ಲುಕ್ಕೂ ಬರುತ್ತೆ." ನಾನು ತಲೆ ಆಡಿಸಿದೆ. ಅವನು ಹಾಕಿದ್ದು 205/70. ಆ 70ರ ಬಗ್ಗೆ ಒಂದು ಮಾತೂ ಆಡಲಿಲ್ಲ!

ಎರಡೇ ದಿನಕ್ಕೆ ಗಾಡಿ ಮಂಕಾಯಿತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಸಣ್ಣ ಏರಿನಲ್ಲೂ ಗೇರ್ ಇಳಿಸುವುದು, ಏರಿಸುವುದು, ಮತ್ತೆ ಇಳಿಸುವುದು, ಒಂದರಲ್ಲಿ ನಿಲ್ಲುವುದೇ ಇಲ್ಲ. ಮೈಲೇಜ್ ಕೂಡ ಬಿತ್ತು. ಅಂಗಡಿಗೆ ಫೋನ್ ಮಾಡಿದರೆ "ಟೈರಿಗೂ ಗೇರಿಗೂ ಏನು ಸಂಬಂಧ ಸರ್? ಗೇರ್‌ಬಾಕ್ಸ್ ಆಯಿಲ್ ಚೇಂಜ್ ಮಾಡಿಸಿ" ಅಂದ. ಮಾಡಿಸಿದೆ. ಹೌದು, ಅವನ ಮಾತು ಕೇಳಿ ಅದನ್ನೂ ಮಾಡಿಸಿದೆ!

ಆಮೇಲೆ ಒಬ್ಬ ಹಳೇ ಮೆಕ್ಯಾನಿಕ್ ಬಾನೆಟ್ ತೆಗೆಯಲೇ ಇಲ್ಲ. ಟೈರ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಕಿ ಓದಿದರು. ಡ್ರೈವರ್ ಬಾಗಿಲು ತೆಗೆದು ಬಾಗಿಲ ಚೌಕಟ್ಟಿನ ಕಂಬದ ಮೇಲಿನ ಸ್ಟಿಕ್ಕರ್ ತೋರಿಸಿದರು. ಅಲ್ಲಿ ಸ್ಪಷ್ಟವಾಗಿ 195/65. ಇಷ್ಟು ವರ್ಷ ದಿನಾ ಆ ಬಾಗಿಲು ತೆಗೆದಿದ್ದೇನೆ, ಒಂದು ದಿನವೂ ಓದಿಲ್ಲ. ನನ್ನ ಮುಖ ಇಷ್ಟಾಯಿತು.

ಮಧ್ಯದ ಅಂಕಿ ಅಂದರೆ ಟೈರಿನ ಅಗಲದಲ್ಲಿ ಶೇಕಡಾ ಎಷ್ಟು ಟೈರಿನ ಪಕ್ಕದ ಗೋಡೆಯ ಎತ್ತರ ಅಂತ. ಹಳೆಯದು 127 ಮಿ.ಮೀ., ಹೊಸದು 143.5. ಮೇಲೂ ಕೆಳಗೂ ಸೇರಿ ಚಕ್ರವೇ 33 ಮಿ.ಮೀ. ದೊಡ್ಡದು, ಒಂದು ಸುತ್ತಿಗೆ ಹತ್ತು ಸೆಂ.ಮೀ.ಗಿಂತ ಜಾಸ್ತಿ ಓಡುತ್ತದೆ. ಮೀಟರಿಗೆ ಇದು ಗೊತ್ತಿಲ್ಲ, ಅದು ಸುತ್ತು ಮಾತ್ರ ಎಣಿಸುತ್ತದೆ. ಮೊದಲು ಮೀಟರ್ 80 ಅಂದಾಗ ಫೋನಿನ ಜಿಪಿಎಸ್ 77 ಅನ್ನುತ್ತಿತ್ತು, ಈಗ 81. ಅಂದರೆ ಇಷ್ಟು ದಿನ ಮೀಟರ್ ನಂಬಿಕೊಂಡು ಸ್ಪೀಡ್ ಲಿಮಿಟ್ ದಾಟಿ ಓಡಿಸಿದ್ದೇನೆ! ಕಿಲೋಮೀಟರೂ ಕಡಿಮೆ ಎಣಿಸುತ್ತದೆ, ಮೈಲೇಜ್ ಬಿದ್ದಂತೆ ಕಂಡಿದ್ದರಲ್ಲಿ ಅದರ ಪಾಲೂ ಇದೆ. ಗೇರ್‌ಬಾಕ್ಸ್ ಕಂಪ್ಯೂಟರ್ ಹಳೇ ಚಕ್ರದ ಲೆಕ್ಕದಲ್ಲೇ ಗೇರ್ ಹಾಕುತ್ತದೆ, ದೊಡ್ಡ ಚಕ್ರ ಎಳೆಯೋಕೆ ಇಂಜಿನ್‌ಗೆ ಶಕ್ತಿ ಸಾಲದು, ನಾನು ಕಾಲು ಒತ್ತುತ್ತೇನೆ, ಅದು ಗೇರ್ ಇಳಿಸುತ್ತದೆ. ಬಾಕ್ಸ್ ಕೆಟ್ಟೇ ಇರಲಿಲ್ಲ.

ವಾಪಸ್ ಅಂಗಡಿಗೆ ಹೋದೆ. "ಬಿಲ್ಲಲ್ಲಿ 205/70 ಅಂತ ಬರೆದಿದೆಯಲ್ಲ ಸರ್, ನೀವು ನೋಡಬೇಕಿತ್ತು." ಬರೆದಿತ್ತು, ನಿಜ. ಆದರೆ ಬಾಯಲ್ಲಿ ಬರೀ 205 ಅಂದಿದ್ದು ಯಾರು? "ಓಡಿಸಿದ ಟೈರ್ ವಾಪಸ್ ತಗೊಳ್ಳಲ್ಲ ಸರ್." ಬೇಕಾದರೆ 195/65 ಹೊಸದು ತರಿಸಿ ಕೊಡುತ್ತಾನಂತೆ, ಪೂರ್ತಿ ದುಡ್ಡು ಕೊಟ್ಟು. ಅವತ್ತು ಸ್ಟಾಕ್ ಇಲ್ಲದ್ದು ಇವತ್ತು ಎಲ್ಲಿಂದ ಬಂತೋ!

ಬಾಗಿಲ ಸ್ಟಿಕ್ಕರ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಟೈರ್ ರಿಮ್ಮಿಗೆ ಏರುವ ಮುಂಚೆ ಮೂರೂ ಅಂಕಿ ನೀವೇ ಓದಿ. "ಏನೂ ಆಗಲ್ಲ ಸರ್" ಅಂದವನ ಹತ್ತಿರ ಹಾಕಿಸಲೇಬೇಡಿ.

ಹೋಗಲಿ, ನನ್ನ ಹಳೇ ಟೈರಾದರೂ ಕೊಡಪ್ಪ, ಇನ್ನೂ ಸ್ವಲ್ಪ ದಿನ ಓಡುತ್ತಿದ್ದವು ಅಂದೆ.

"ಅವು ಅವತ್ತೇ ಹೋದವು ಸರ್."