ಚಳಿಗಾಲದಲ್ಲಿ ಕುದುರೆಯ ಕೂದಲು ತೆಗೆಯೋದಾ, ಬಿಡೋದಾ? ಮೂರು ಥರ ಮಾಡಿ ನೋಡಿದೆ

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಕುದುರೆ ಸಾಕುವವರಿಗೆ ಅಕ್ಟೋಬರ್ ಬಂತೆಂದರೆ ಇದೇ ತಲೆಬಿಸಿ. ನನ್ನದು ಕಾಬ್ ಅನ್ನೋ ಥರದ ಕುದುರೆ. ದಪ್ಪ ಮೂಳೆ, ಗಿಡ್ಡ ಕಾಲು, ಚಳಿಗಾಲಕ್ಕೆ ಕರಡಿಯಂಥ ಕೂದಲು. ಒಂದೇ ಕುದುರೆ ಮೇಲೆ, ಬೇರೆ ಬೇರೆ ಚಳಿಗಾಲದಲ್ಲಿ, ಮೂರೂ ರೀತಿ ಮಾಡಿ ನೋಡಿದ್ದೇನೆ.

ಮೊದಲು, ಏನೂ ತೆಗೆಯದೆ ಬಿಡೋದು. ಚಳಿ ತಡೆಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಹಗಲು ಗಿಡ್ಡವಾಗುತ್ತಿದ್ದಂತೆ ಕೂದಲು ತಾನಾಗಿ ದಟ್ಟವಾಗುತ್ತದೆ, ಚಳಿ ಹೆಚ್ಚಾದರೆ ಎದ್ದು ನಿಂತು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆ ತುಂಬ ಒಣಹುಲ್ಲು ಇದ್ದರೆ ಅದು ಕರುಳಿನಲ್ಲಿ ಹುದುಗುವಾಗಲೂ ಶಾಖ ಹುಟ್ಟುತ್ತದೆ. ಮೈ ಒಣಗಿದ್ದು, ಗಾಳಿ ಹೊಡೆಯದಿದ್ದರೆ ಸುಮಾರು -8 ಡಿಗ್ರಿವರೆಗೂ ಆರಾಮ. ಕೂದಲು ತೆಗೆದ ಕುದುರೆಗೆ ಸುಮಾರು 5 ಡಿಗ್ರಿಗೇ ಮೈ ಬೆಚ್ಚಗಿಡಲು ಹೆಚ್ಚು ಶಕ್ತಿ ಬೇಕು.

ತೊಂದರೆ ಇರುವುದು ಸವಾರಿಯಲ್ಲಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ನಾನು ಆಫೀಸ್ ಮುಗಿಸಿ ಹೋಗಿ ಒಂದು ಸುತ್ತು ಓಡಿಸಿದರೆ ಸಾಕು, ಕತ್ತು, ಎದೆ, ಜೀನು ಬಿಗಿಯುವ ಹೊಟ್ಟೆ ಪಟ್ಟಿಯ ಜಾಗ ಎಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆ. ಮೇಲಿಂದ ಒಣಗಿದಂತೆ ಕಾಣುತ್ತದೆ. ಮೊಣಕೈ ಹಿಂದೆ ಬೆರಳು ಹಾಕಿ ನೋಡಿ, ಬುಡದಲ್ಲಿ ಇನ್ನೂ ತಣ್ಣಗೆ ಜಿಗುಟು. ಒದ್ದೆ ಕೂದಲು ಚಳಿ ತಡೆಯುವುದಿಲ್ಲ, ಹಾಗೇ ಬಿಟ್ಟು ಮನೆಗೆ ಹೋಗಲೂ ಮನಸ್ಸು ಬರಲ್ಲ. ಫ್ಲೀಸ್ ಬಟ್ಟೆಯ ಹೊದಿಕೆ ಹೊದಿಸಿ, ಹುಲ್ಲಿನಲ್ಲಿ ಉಜ್ಜುತ್ತಾ ಲಾಯದಲ್ಲೇ ಸಂಜೆ ಕಳೆಯುತ್ತದೆ.

ಇನ್ನೊಂದು ತುದಿ, ಹಂಟರ್ ಕ್ಲಿಪ್. ಕಾಲು ಮತ್ತು ಜೀನಿನ ಜಾಗ ಬಿಟ್ಟು ಎಲ್ಲ ಬೋಳು. ಬೆವರು ಬೇಗ ಆರುತ್ತದೆ, ಮೈ ತಿಕ್ಕೋದು ಸುಲಭ, ನೋಡೋಕೂ ಚೆಂದ. ಆದರೆ ಆಮೇಲೆ ರಗ್‌ಗಳ, ಅಂದರೆ ಕುದುರೆಗೆ ಹೊದಿಸುವ ಹೊದಿಕೆಗಳ ಕಾಟ ಶುರು. ಒಳಪದರ 100 ಗ್ರಾಂನದು ಸಾಕಾ, 200 ಹಾಕಬೇಕಾ, ಇವತ್ತು 300 ಬೇಕಾ ಅಂತ ದಿನಾ ಬೆಳಿಗ್ಗೆ ಹವಾಮಾನ ನೋಡಿ ಲೆಕ್ಕ. ಹುಲ್ಲು ಜಾಸ್ತಿ ಬೇಕು. ಗಾಳಿ ಜೋರಾದ ಬೆಳಿಗ್ಗೆ ಜೀನು ಹಾಕಿದರೆ ಬೆನ್ನು ಗೂನು ಮಾಡಿ ಒಂದೆರಡು ಸಲ ಎಗರುತ್ತಿತ್ತು. ವಾರಕ್ಕೆ ಐದಾರು ದಿನ ಗಟ್ಟಿ ಕೆಲಸ ಮಾಡಿ ರಾತ್ರಿ ಲಾಯದಲ್ಲಿರುವ ಕುದುರೆಗೆ ಇದು ಸರಿ. ನಮ್ಮಂಥವರಿಗೆ ಸುಮ್ನೆ ಖರ್ಚು.

ನಾನೀಗ ಮಾಡುವುದು ಟ್ರೇಸ್ ಕ್ಲಿಪ್. ಕತ್ತಿನ ಕೆಳಭಾಗ, ಎದೆ, ಹೊಟ್ಟೆ, ಪಕ್ಕೆಯ ಕೆಳಗಿನ ಒಂದು ಪಟ್ಟಿ, ಅಂದರೆ ಬೆವರುವ ಜಾಗಗಳಷ್ಟೇ. ಬೆನ್ನು, ಸೊಂಟದ ಮೇಲೆ ಕೂದಲು ಹಾಗೇ ಉಳಿಯುತ್ತದೆ. ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಆ ಚಳೀಲಿ ಕೂದಲು ತೆಗೀತೀಯಲ್ಲೋ, ಪಾಪ ಅಲ್ವಾ?" ಅಂದರು. ಬೆವರಿ ಒದ್ದೆಯಾಗಿ ನಿಲ್ಲೋದೇ ಅದಕ್ಕಿಂತ ಪಾಪ ಅಂದೆ. ರಾತ್ರಿಗೆ ಒಂದು ಮಧ್ಯಮ ದಪ್ಪದ ರಗ್, ಹಗಲು ಮಳೆಗೆ ತೆಳ್ಳನೆಯದು, ಅಷ್ಟರಲ್ಲೇ ಮುಗಿಯುತ್ತದೆ. ಕಷ್ಟ ಅಂದರೆ ಎರಡೂ ಕಡೆ ಗೆರೆ ಸಮ ಬರಿಸೋದು. ಸೀಮೆಸುಣ್ಣದಲ್ಲಿ ಎಳೆದುಕೊಂಡರೂ ನನ್ನದು ಬಲಗಡೆ ಯಾವಾಗಲೂ ಸ್ವಲ್ಪ ಮೇಲೇ.

ವಾರಕ್ಕೊಮ್ಮೆ ಮೆಲ್ಲಗೆ ಸವಾರಿ ಮಾಡುವವರು ಕತ್ತಿನ ಕೆಳಗೆ ಮತ್ತು ಎದೆಯಲ್ಲಿ ಮಾತ್ರ ತೆಗೆದರೂ ನಡೆಯುತ್ತದೆ. ಕೆಲಸವಿಲ್ಲದೆ ಹೊಲದಲ್ಲೇ ಇರುವ ಮುದಿ ಪೋನಿಯನ್ನು ಮುಟ್ಟಲೇ ಬೇಡಿ. ಕುಶಿಂಗ್ಸ್ ಅನ್ನೋ ಹಾರ್ಮೋನ್ ಕಾಯಿಲೆ ಇದ್ದು ಕೂದಲು ಉದುರದಿದ್ದರೆ ಮಾತು ಬೇರೆ, ಪಶುವೈದ್ಯರ ಹತ್ತಿರ ಕೇಳಿ.

ಕೂದಲು ತೆಗೆಯುವ ಹಿಂದಿನ ದಿನವೇ ಮೈ ತೊಳೆದು ಪೂರ್ತಿ ಒಣಗಿಸಿ, ಕೊಳೆ ಇದ್ದರೆ ಕ್ಲಿಪ್ಪರ್‌ನ (ಕೂದಲು ಕತ್ತರಿಸುವ ಯಂತ್ರದ) ಬ್ಲೇಡ್ ಕೂದಲನ್ನು ಎಳೆಯುತ್ತದೆ. ನಡುನಡುವೆ ಎಣ್ಣೆ ಬಿಟ್ಟು, ಬ್ಲೇಡನ್ನು ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡಿಕೊಳ್ಳಿ. ಮೂತಿಯ ಮೀಸೆಗೆ ಮಾತ್ರ ಕೈ ಹಾಕಬೇಡಿ, ಅದರಿಂದಲೇ ಕುದುರೆ ಹತ್ತಿರದ್ದನ್ನು ತಡವಿ ತಿಳಿಯುವುದು. 2021ರ ಜುಲೈನಿಂದ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ (ಎಫ್‌ಇಐ) ಸ್ಪರ್ಧೆಗಳಲ್ಲೂ ಅದನ್ನು ಕತ್ತರಿಸುವಂತಿಲ್ಲ. ಜನವರಿ ಕೊನೆಯೊಳಗೆ ಕ್ಲಿಪ್ಪರ್ ಎತ್ತಿಡಿ, ಆಮೇಲೆ ಬೇಸಿಗೆಯ ಕೂದಲು ಬರುತ್ತಿರುತ್ತದೆ.